ಕಮಲಳ ಕೈಗೆ ಶೇಕಡಾ ಹನ್ನೆರಡು

ಗಂಗೊಳ್ಳಿ
12 ಜೂನ್ 2024

ವನಜಕ್ಕನಿಗೆ ಸೌಜನ್ಯಳ ನಮಸ್ಕಾರಗಳು.

ಲಕೋಟೆಯ ಹಿಂದೆ ನನ್ನ ಹೆಸರು ನೋಡಿಯೂ ಒಡೆದಿದ್ದೀರಿ ಎಂದಾದರೆ ನನ್ನ ಅರ್ಧ ಕೆಲಸ ಆಯಿತು. ನಿಮ್ಮ ಹಳೆಯ ನಂಬರಿಗೆ ಹತ್ತಾರು ಸಲ ಫೋನ್ ಮಾಡಿದೆ, ಹೋಗುವುದಿಲ್ಲ. ಬ್ರಹ್ಮಾವರದ ಸೋಮವಾರದ ಸಂತೆಯಲ್ಲಿ ನೀವು ಒಣಮೀನು ಮಾರುತ್ತೀರಿ ಎಂದು ನಮ್ಮ ಮಾರ್ಕೆಟ್ಟಿನ ಕುಷ್ಟಣ್ಣ ಹೇಳಿದರು. ನಿಮ್ಮ ಮಗಳು ಶರಣ್ಯಕ್ಕನ ಮನೆಯ ವಿಳಾಸ ಕೊಟ್ಟವರೂ ಅವರೇ.

ಅಮ್ಮನಿಗೆ ಲಾರಿ ಹೊಡೆದದ್ದು ನಿಮಗೆ ಗೊತ್ತಿರಬೇಕು. ಕಳೆದ ವರ್ಷ ಫೆಬ್ರವರಿಯಲ್ಲಿ, ಮುಳ್ಳಿಕಟ್ಟೆಯಲ್ಲಿ. ಬೆಳಿಗ್ಗೆ ಆರೂಮುಕ್ಕಾಲಕ್ಕೆ ಬುಟ್ಟಿ ಇಳಿಸಿಕೊಂಡು ಹೆಮ್ಮಾಡಿಯ ಬಸ್ಸಿಗೆ ಕಾಯುತ್ತಿದ್ದಳು. ಬೈಂದೂರು ಕಡೆಯಿಂದ ಜಲ್ಲಿ ತುಂಬಿಕೊಂಡು ಬಂದ ಲಾರಿ, ನಿಂತಿದ್ದ ಬಸ್ಸನ್ನು ಎಡಗಡೆಯಿಂದ ಹಿಂದೆ ಹಾಕಲು ಹೋಗಿ ಮಣ್ಣಿಗೆ ಇಳಿಯಿತು. ಅಮ್ಮ ಬದುಕಿದ್ದೇ ದೊಡ್ಡದು ಎಂದು ಎಲ್ಲರೂ ಹೇಳಿದರು. ನಾವೂ ಹಾಗೇ ಅಂದುಕೊಂಡೆವು. ಬಲಗೈಯ ಎರಡು ಎಲುಬು ಮುರಿದು, ನರ ತುಂಡಾಯಿತು. ಒಳಗೆ ಪ್ಲೇಟು ಕೂರಿಸಿದ್ದಾರೆ. ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳೂ ಮಡಚುವುದಿಲ್ಲ. ಮೀನು ಕೊಯ್ಯುವುದು ಹಾಗಿರಲಿ, ಒಂದು ಲೋಟ ನೀರನ್ನು ಆ ಕೈಯಲ್ಲಿ ಹಿಡಿದರೆ ಅದು ನೆಲಕ್ಕೆ ಹೋಗುತ್ತದೆ.

ತಪ್ಪು ಲಾರಿಯದ್ದೇ ಎಂದು ಡ್ರೈವರ್ ಒಪ್ಪಿಕೊಂಡಿದ್ದಾನೆ. ಹಾಗಾಗಿ ವಿಮಾ ಕಂಪನಿ ಪರಿಹಾರ ಕೊಡಲೇಬೇಕು. ಜಗಳ ಇರುವುದು ಎಷ್ಟು ಎಂಬುದರಲ್ಲಿ. ಅಮ್ಮ ದಿನಕ್ಕೆ ಎಷ್ಟು ದುಡಿಯುತ್ತಿದ್ದಳು ಎಂಬುದಕ್ಕೆ ಕಾಗದ ಇಲ್ಲ. ಕಾಗದ ಇಲ್ಲದವರಿಗೆ ಒಂದು ಪಟ್ಟಿ ಇದೆಯಂತೆ. ಆ ವರ್ಷದ ಅಪಘಾತಕ್ಕೆ ತಿಂಗಳಿಗೆ ಹದಿನಾರು ಸಾವಿರ, ಅಷ್ಟೇ. ಮೀನು ಮಾರಿದರೂ, ಮನೆಯಲ್ಲಿ ಕೂತಿದ್ದರೂ ಅದೇ ಹದಿನಾರು. ನಮ್ಮ ವಕೀಲರು ಸುಧೀರ್ ಅಂತ. "ಅವರ ಜೊತೆ ಕೂತು ಮಾರಿದವರು ಯಾರಾದರೂ ಬಂದು ಸಾಕ್ಷಿ ಹೇಳಿದರೆ ಮಾತ್ರ ಪಟ್ಟಿಯಿಂದ ಮೇಲೆ ಏಳಬಹುದು" ಎಂದರು.

ಇಪ್ಪತ್ತೆರಡು ವರ್ಷ ಅಮ್ಮನ ಪಕ್ಕದಲ್ಲಿ ಕೂತು ಮಾರಿದವರು ನೀವು. ಐದು ವರ್ಷದ ಹಿಂದೆ ಮಾರ್ಕೆಟ್ಟಿನಲ್ಲಿ ಏನಾಯಿತು ಎಂದು ನನಗೆ ಗೊತ್ತಿದೆ. ಗೊತ್ತಿದ್ದೂ ಕೇಳುತ್ತಿದ್ದೇನೆ. ಅಮ್ಮನಿಗೆ ಹೇಳದೆ ಬರೆದ ಕಾಗದ ಇದು.

ನಿಮ್ಮ,
ಸೌಜನ್ಯ


ಬ್ರಹ್ಮಾವರ
24 ಜೂನ್ 2024

ಸೌಜನ್ಯಳಿಗೆ ವನಜ ಮಾಡುವ ಆಶೀರ್ವಾದ.

ಕಾಗದ ಒಡೆದೆ, ಓದಿದೆ. ಕನ್ನಡಕ ಹಾಕಿದರೂ ಅಕ್ಷರ ಮಂಜಾಗುತ್ತದೆ, ಎರಡು ಸಲ ಓದಬೇಕಾಯಿತು. ಎಡಗಣ್ಣಿಗೆ ಪೊರೆ ಬಂದಿದೆ.

ನಿನ್ನ ಅಮ್ಮನ ಕೈಯ ಸುದ್ದಿ ಆಗಲೇ ಕೇಳಿದ್ದೆ. ಆಸ್ಪತ್ರೆಯ ಗೇಟಿನವರೆಗೆ ಬಂದು ವಾಪಸು ಹೋದದ್ದೂ ಉಂಟು. ಅದನ್ನು ಅವಳಿಗೆ ಹೇಳಬೇಡ.

ಸಾಕ್ಷಿಗೆ ನಾನು ಬರಲಾರೆ. ಆಗ ನಮ್ಮ ಮೀನು ಮಾರುವ ಹೆಂಗಸರ ಸಂಘಕ್ಕೆ ಸಬ್ಸಿಡಿಯಲ್ಲಿ ಬಂದ ಹತ್ತು ಐಸ್ ಪೆಟ್ಟಿಗೆಗಳನ್ನು ಮೂವತ್ತೆಂಟು ಜನರಿಗೆ ಹಂಚುವ ಕೆಲಸ ನನ್ನ ತಲೆಗೆ ಬಂದಿತ್ತು. ಇಡೀ ಮಾರ್ಕೆಟ್ಟಿನ ಎದುರು ನಿನ್ನ ಅಮ್ಮ "ಹ್ವಾಯ್, ಕಾಣಿ, ಪೆಟ್ಟಿಗಿ ತಿಂದವ್ಳ್ ಬಂದ್ಳ್" ಎಂದಳು. ಗಿರಾಕಿಗಳು ನಕ್ಕರು. ಹನ್ನೊಂದು ವರ್ಷ ಆ ಸಂಘದ ಕಾರ್ಯದರ್ಶಿಯಾಗಿ ನಡಾವಳಿ ಬರೆದವಳು ನಾನು, ಒಂದು ಕಪ್ ಚಹಾದ ದುಡ್ಡು ಮುಟ್ಟಿದವಳಲ್ಲ. ಅಂಥವಳ ಮಾತು ಕೋರ್ಟಿಗೆ ಎಂತಕ್ಕೆ? ಕಳ್ಳಿಯ ಸಾಕ್ಷಿ ಯಾರು ನಂಬುತ್ತಾರೆ?

ಬೇರೆ ಯಾರನ್ನಾದರೂ ನೋಡಿಕೋ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಫೋನ್ ನಂಬರ್ ಕೇಳಬೇಡ. ಫೋನಿನಲ್ಲಿ ಬಾಯಿಗೆ ಬಂದದ್ದು ಆಚೆ ಹೋಗಿಬಿಡುತ್ತದೆ. ಕಾಗದವಾದರೆ ಹರಿದು ಇನ್ನೊಂದು ಬರೆಯಬಹುದು. ಇದು ಮೂರನೆಯದು.

ವನಜ


ಗಂಗೊಳ್ಳಿ
19 ಜುಲೈ 2024

ವನಜಕ್ಕ,

ಮತ್ತೆ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಮೊನ್ನೆ ಕೋರ್ಟಿನಲ್ಲಿ ಆದದ್ದನ್ನು ನಿಮಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಅಮ್ಮನ ಪಾಟೀಸವಾಲು ಇತ್ತು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಕಂಪನಿಯ ವಕೀಲರು ಗಟ್ಟಿ ಮಾತಿನವರೇನಲ್ಲ. ನಗುನಗುತ್ತಲೇ ಕೇಳಿದರು.

"ದಿನಕ್ಕೆ ಸಾವಿರ ದುಡಿಯುತ್ತಿದ್ದೆ ಅಂತೀರಿ. ಇನ್‌ಕಮ್ ಟ್ಯಾಕ್ಸ್ ಕಟ್ಟಿದ್ದೀರಾ?"

"ಇಲ್ಲೆ."

"ಬಿಲ್ ಪುಸ್ತಕ ಇದೆಯಾ?"

"ಬಂಗುಡೆಗೆ ಬಿಲ್ ಯಾರ್ ಕೇಂತ್ರ್ ಒಡೆಯ?"

ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ, "ಕೈ ಒಂದು ಸರಿ ಇಲ್ಲ, ಒಪ್ಪುವಾ. ಎಡಗೈ ಚೆನ್ನಾಗಿದೆಯಲ್ಲ? ಕೊಯ್ಯದಿದ್ದರೆ ಬೇಡ, ಎಡಗೈಯಲ್ಲಿ ಮೀನು ತೆಗೆದು ಕೊಟ್ಟು ವ್ಯಾಪಾರ ಮಾಡಬಹುದಲ್ಲ?" ಎಂದು ಕೇಳಿದರು.

ಅಮ್ಮ ಅವರ ಮುಖವನ್ನೇ ನೋಡಿದಳು. "ಎಡ್ಗೈಯಂಗೆ ಕೊಟ್ರೆ ನೀವ್ ತಕಂತ್ರ್ಯಾ?"

ಈ ಸಲ ಯಾರೂ ನಗಲಿಲ್ಲ. ನ್ಯಾಯಾಧೀಶರು ತಲೆ ಎತ್ತಿ ನೋಡಿದರು. ನಾವು ಗೆದ್ದೆವು ಎಂದುಕೊಂಡೆ ನಾನು.

ಆಗ ಅವರು ಫೈಲಿನಿಂದ ಒಂದು ಕಾಗದ ತೆಗೆದರು. 2017ರಲ್ಲಿ ಬಿಪಿಎಲ್ ರೇಷನ್ ಕಾರ್ಡಿಗೆ ಅಮ್ಮ ಕೊಟ್ಟ ಅರ್ಜಿಯ ನಕಲು. ಕುಟುಂಬದ ವಾರ್ಷಿಕ ಆದಾಯ ಎಂಬಲ್ಲಿ ಇಪ್ಪತ್ತನಾಲ್ಕು ಸಾವಿರ. ಕೆಳಗೆ ಅಮ್ಮನ ಸಹಿ. "ಸರ್ಕಾರದ ಎದುರು ತಿಂಗಳಿಗೆ ಎರಡು ಸಾವಿರ, ಕೋರ್ಟಿನ ಎದುರು ತಿಂಗಳಿಗೆ ಇಪ್ಪತ್ತೇಳು ಸಾವಿರ. ಇದರಲ್ಲಿ ಯಾವುದು ಸುಳ್ಳಮ್ಮಾ?"

ಇಪ್ಪತ್ತೇಳು ಸುಳ್ಳು ಎಂದರೆ ಕೇಸು ಹೋಗುತ್ತದೆ. ಎರಡು ಸುಳ್ಳು ಎಂದರೆ ಅಕ್ಕಿ ಹೋಗುತ್ತದೆ. ಅವಳು ಕಟಕಟೆಯ ಮರವನ್ನು ಎಡಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಳು. ಸುಮ್ಮನೆ ನಿಂತದ್ದನ್ನೂ ಟೈಪು ಮಾಡಿಕೊಂಡರು.

ವನಜಕ್ಕ, ಆ ಅರ್ಜಿಯನ್ನು ನಾನು ಹತ್ತಿರದಿಂದ ನೋಡಿದೆ. ಸಹಿ ಮಾತ್ರ ಅಮ್ಮನದು. ಉಳಿದ ಅಕ್ಷರ ಎಲ್ಲ ನಿಮ್ಮದು. ಸಂಘದ ಪುಸ್ತಕದಲ್ಲಿ ಸಣ್ಣವಳಿದ್ದಾಗಿನಿಂದ ನೋಡಿದ ಅಕ್ಷರ, ನನಗೆ ಗುರುತು ತಪ್ಪುವುದಿಲ್ಲ.

ಇದಕ್ಕೆ ಉತ್ತರ ಬರೆಯುವುದೂ ಬಿಡುವುದೂ ನಿಮಗೆ ಸೇರಿದ್ದು.

ಸೌಜನ್ಯ


ಬ್ರಹ್ಮಾವರ
5 ಆಗಸ್ಟ್ 2024

ಸೌಜನ್ಯ,

ಅಕ್ಷರ ನನ್ನದೇ.

ಆ ವರ್ಷ ಸಂಘದ ಮೂವತ್ತೆಂಟು ಹೆಂಗಸರ ಅರ್ಜಿಯನ್ನೂ ಬರೆದವಳು ನಾನು. ಮೊದಲು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂತವನು ಮೊದಲನೆಯದನ್ನು ನೋಡಿಯೇ ಹಿಂದಕ್ಕೆ ತಳ್ಳಿದ. "ಇಷ್ಟ್ ಬರೆದ್ರೆ ನಿಮ್ಗೆ ಕಾರ್ಡ್ ಇಲ್ಲ. ಇಪ್ಪತ್ನಾಲ್ಕ್ ಬರೀರಿ, ಎಲ್ರೂ ಅದೇ ಬರೆಯೂದ್" ಎಂದ. ನಾನು ರಾತ್ರಿ ಹಗಲು ಕೂತು ಮೂವತ್ತೆಂಟು ಫಾರಂ ಹೊಸದಾಗಿ ಬರೆದೆ. ಮೂವತ್ತೆಂಟು ಹೆಂಗಸರಿಗೂ ಒಂದೇ ಆದಾಯ! ಗಂಡ ಇದ್ದವಳಿಗೂ, ಇಲ್ಲದವಳಿಗೂ, ದುಬಾರಿ ಅಂಜಲ್ ಮಾರುವವಳಿಗೂ, ಅಗ್ಗದ ಬೆಳ್ಳಂಜಿ ಮಾರುವವಳಿಗೂ. ಅಲ್ಲಿ ಯಾರಿಗೂ ಇದು ಸುಳ್ಳು ಎಂದು ಗೊತ್ತಿರಲಿಲ್ಲವಾ? ಎಲ್ಲರಿಗೂ ಗೊತ್ತಿತ್ತು. ಸೀಲು ಹೊಡೆದವನಿಗೂ ಗೊತ್ತಿತ್ತು.

ದಿನಕ್ಕೆ ಸಾವಿರ ದುಡಿದರೆ ಸಾಹುಕಾರಿಣಿಯಾ? ಮಳೆಗಾಲದ ಎರಡು ತಿಂಗಳು ಬೋಟು ದಡದಲ್ಲಿ. ಉಳಿದ ದಿನವೂ ಮೀನು ಬಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಬಡವಳು ಎಂದು ಒಪ್ಪಿಸಲು ಸುಳ್ಳು ಹೇಳಬೇಕು, ದುಡಿಯುತ್ತೇನೆ ಎಂದು ಒಪ್ಪಿಸಲು ಆ ಸುಳ್ಳನ್ನು ನುಂಗಬೇಕು. ಬಡವರು ಎರಡು ಬಾಗಿಲಿಗೆ ಹೋಗಬೇಕಾಗುತ್ತದೆ, ಎರಡೂ ಕಡೆ ಕೇಳುವ ಪ್ರಶ್ನೆ ಬೇರೆ. ಈಗ ಒಂದು ಬಾಗಿಲಿನ ಕಾಗದವನ್ನು ಇನ್ನೊಂದು ಬಾಗಿಲಿನಲ್ಲಿ ತೋರಿಸಿ ನಗುತ್ತಾರೆ.

ಇದನ್ನೆಲ್ಲ ಇಲ್ಲಿ ಕೂತು ಬರೆಯಬಲ್ಲೆ. ಕೋರ್ಟಿನಲ್ಲಿ ಹೇಳಲು ಹೆದರಿಕೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಕಾರ್ಡಿನಲ್ಲೂ ಅದೇ ಇಪ್ಪತ್ತನಾಲ್ಕು. ಬರುವ ಚಳಿಗಾಲದಲ್ಲಿ ಆ ಕಾರ್ಡಿನ ಮೇಲೆ ಎಡಗಣ್ಣಿನ ಆಪರೇಷನ್ ಪುಕ್ಕಟೆ ಆಗುವುದೆಂದು ಬರೆಸಿಟ್ಟಿದ್ದೇನೆ. ಶರಣ್ಯಾ ಹೇಳಿದಳು: "ಅಮ್ಮ, ನೀ ಹೋಪುದ್ ಬ್ಯಾಡ. ಅವ್ರ್ ನಿಂಗೆ ಕಳ್ಳಿ ಅಂದವ್ರ್." ಅಳಿಯ ಒಳ್ಳೆಯವನು. ಅವನ ಸಂಬಳದಲ್ಲಿ ನನ್ನ ಕಣ್ಣು ಮಾಡಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ನಾನು ಬರೆದದ್ದರಿಂದ ಅವಳಿಗೆ ಹೀಗಾಯಿತು ಎಂಬುದು ಗೊತ್ತಾಯಿತು. ಅಂದಿನಿಂದ ನಿದ್ರೆ ಬರುತ್ತಿಲ್ಲ ಎಂಬುದನ್ನೂ ತಿಳಿದುಕೋ. ಆದರೂ ಬರುತ್ತೇನೆ ಎಂದು ಬರೆಯಲು ಕೈ ಏಳುತ್ತಿಲ್ಲ.

ವನಜ


ಗಂಗೊಳ್ಳಿ
2 ಅಕ್ಟೋಬರ್ 2024

ವನಜಕ್ಕ, ನಿಮ್ಮ ಎರಡು ಕಾಗದಗಳೂ ಅಮ್ಮನಿಗೆ ಸಿಕ್ಕಿಬಿಟ್ಟವು. ನನ್ನ ಬ್ಯಾಗಿನಲ್ಲಿ ಛತ್ರಿ ಹುಡುಕುವಾಗ. ಒಂದು ವಾರ ನನ್ನ ಹತ್ತಿರ ಮಾತಿಲ್ಲ. ನಿನ್ನೆ ಸಂಜೆ ನನ್ನನ್ನು ಕೂರಿಸಿಕೊಂಡು, "ನಾ ಹೇಳ್ದಂಗೇ ಬರಿ, ಚಂದ ಮಾಡ್ಬೇಡ" ಎಂದಳು. ಅವಳು ಹೇಳಿದ ಹಾಗೇ ಬರೆದಿದ್ದೇನೆ:

"ವನಜ, ನಾನ್ ಕಮಲ. ನೀ ಸಾಕ್ಷಿಗೆ ಬಪ್ಪುದ್ ಬ್ಯಾಡ. ಅದ್ಕೆ ಈ ಕಾಗ್ದ ಅಲ್ಲ. ನಿನ್ ಕಣ್ಣ್ ಮಾಡ್ಸ್ಕೋ ಮೊದ್ಲ್. ಇನ್ನೊಂದ್ ಮಾತ್ ಇತ್ತ್. ಪೆಟ್ಟಿಗಿ ನೀ ತಿಂದಿಲ್ಲೆ ಅಂದೇಳಿ ನಂಗೆ ಅವತ್ತೇ ಗೊತ್ತಿತ್. ನಿನ್ ಪಾಲಿನ್ ಪೆಟ್ಟಿಗಿನೂ ನಮ್ ಕೇರಿ ಬಚ್ಚನ ಹೆಂಡ್ತಿಗೆ ಕೊಟ್ಟದ್ದ್ ನಾನೇ ಕಂಡಿದ್ದೆ. ನಂಗೆ ಸಿಕ್ಲಿಲ್ಲೆ ಅಂದೇಳಿ ಸಿಟ್ಟ್ ಬಂತ್, ಹೇಳ್ದೆ. ಗೊತ್ತಿದ್ದೂ ಹೇಳ್ದೆ. ಮರುದಿನ ನಿನ್ ಜಾಗ ಖಾಲಿ ಇದ್ದಿತ್. ನೀ ತಿರ್ಗಿ ಬತ್ತೆ ಅಂದೇಳಿ ಒಂದ್ ತಿಂಗ್ಳ್ ಆ ಜಾಗ್ದಂಗೆ ಯಾರನ್ನೂ ಕೂರುಕೆ ಬಿಡ್ಲಿಲ್ಲೆ. ಆಮೇಲ್ ನಾ ನಿನ್ ಹತ್ರ ಬಪ್ಪುಕೆ ಮಾನ ಅಡ್ಡ ಬಂತ್. ಅಷ್ಟೆ. ಈಗ ಹೇಳ್ದೆ."

ಇಷ್ಟು ಹೇಳಿ ಎದ್ದು ಹೋದಳು. ಸಹಿ ಬೇಡವಾ ಎಂದರೆ, "ಅವ್ಳಿಗ್ ಗೊತ್ತಾತ್ತ್" ಎಂದಳು.

ಸೌಜನ್ಯ


ಬ್ರಹ್ಮಾವರ
11 ನವೆಂಬರ್ 2024

ಸೌಜನ್ಯ,

ಸಾಕ್ಷಿಯ ತಾರೀಕು ಯಾವತ್ತು, ಎಷ್ಟು ಗಂಟೆಗೆ, ಯಾವ ಕೋಣೆ, ಇದಿಷ್ಟನ್ನು ಬರೆ. ಬೇರೇನೂ ಬರೆಯಬೇಡ.

ವನಜ


ಬ್ರಹ್ಮಾವರ
7 ಡಿಸೆಂಬರ್ 2024

ಪ್ರೀತಿಯ ಸೌಜನ್ಯ,

ನಿನಗೆ ಲ್ಯಾಬಿನಲ್ಲಿ ರಜೆ ಸಿಗಲಿಲ್ಲ ಎಂದು ಕಮಲ ಹೇಳಿದಳು. ಮೊನ್ನೆ ಆದದ್ದನ್ನು ನಾನೇ ಬರೆಯುತ್ತೇನೆ. ಅವಳು ಹೇಳಿದರೆ ಮಸಾಲೆ ಜಾಸ್ತಿ ಆಗುತ್ತದೆ.

ಕೋರ್ಟಿನ ಮೆಟ್ಟಿಲ ಹತ್ತಿರ ಅವಳು ನಿಂತಿದ್ದಳು, ನಿನ್ನ ಅಪ್ಪ ದೇವು ಜೊತೆಗಿದ್ದ. ಐದು ವರ್ಷದ ಮೇಲೆ ಎದುರು ಕಂಡದ್ದು. ಅವಳು ಮೊದಲು ಹೇಳಿದ್ದು, "ಎಂತಾ, ಇಷ್ಟ್ ಬಡ್ಕಲಾಯ್ಕ್ ಹೋಯ್ದಿ?" ನಾನು ಹೇಳಿದ್ದು, "ಕೈ ತೋರ್ಸ್." ತೋರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಹೊಲಿಗೆಯ ಗುರುತು. ಬೆರಳು ಮುಟ್ಟಿದರೆ ತಣ್ಣಗೆ. ಒಂದು ಏಟಿಗೆ ಅಂಜಲಿನ ತಲೆ ತೆಗೆಯುತ್ತಿದ್ದ ಕೈ ಅದು. ಹತ್ತು ಜನ ಗಿರಾಕಿ ಒಟ್ಟಿಗೆ ಬಂದರೂ ಒಬ್ಬರನ್ನೂ ಕಾಯಿಸುತ್ತಿರಲಿಲ್ಲ. ನನಗೆ ಒಳಗೆ ಹೋಗುವ ಮೊದಲೇ ಸಿಟ್ಟು ನೆತ್ತಿಗೆ ಏರಿತ್ತು. ಒಳ್ಳೆಯದೇ ಆಯಿತು, ಹೆದರಿಕೆಗೆ ಜಾಗ ಉಳಿಯಲಿಲ್ಲ.

ಸುಧೀರ್ ಕೇಳಿದ್ದಕ್ಕೆಲ್ಲ ಹೇಳಿದೆ. ಬುಟ್ಟಿಗೆ ಎಷ್ಟು, ಹರಾಜಿನಲ್ಲಿ ಎಷ್ಟಕ್ಕೆ ಸಿಗುತ್ತದೆ, ಎಷ್ಟಕ್ಕೆ ಹೋಗುತ್ತದೆ, ಐಸಿಗೆ, ರಿಕ್ಷಾಕ್ಕೆ ಎಷ್ಟು. ಕೊಯ್ದು ಕೊಟ್ಟರೆ ಮಾತ್ರ ಪೇಟೆಯವರು ತೆಗೆದುಕೊಳ್ಳುತ್ತಾರೆ, ಕೊಯ್ಯಲಾಗದವಳ ಬುಟ್ಟಿಯ ಹತ್ತಿರ ಯಾರೂ ನಿಲ್ಲುವುದಿಲ್ಲ ಎಂಬುದನ್ನೂ ಹೇಳಿದೆ.

ಆಮೇಲೆ ಕಂಪನಿಯ ವಕೀಲರು ಎದ್ದರು. ನೀನು ಹೇಳಿದ ಹಾಗೇ, ನಗು ಮುಖ. ಆ ಅರ್ಜಿ ತೋರಿಸಿದರು.

"ಈ ಅಕ್ಷರ ಯಾರದ್ದು?"

"ನಂದೇ."

"ಇದರಲ್ಲಿ ಬರೆದ ಆದಾಯ ಸುಳ್ಳಾ?"

"ಸುಳ್ಳೇ."

ಅವರು ಇದನ್ನು ಎಣಿಸಿರಲಿಲ್ಲ. "ಹಾಗಾದರೆ ಸರ್ಕಾರಕ್ಕೆ ಸುಳ್ಳು ಬರೆದುಕೊಟ್ಟವರು ನೀವು. ಇವತ್ತು ನಿಜ ಹೇಳ್ತೀರಿ ಅಂತ ಕೋರ್ಟು ಹೇಗೆ ನಂಬಬೇಕು?" ಎಂದರು.

"ಅವತ್ತ್ ಸುಳ್ಳ್ ಬರ್ದದ್ದಕ್ಕೆ ಅಕ್ಕಿ ಸಿಕ್ತ್. ಇವತ್ತ್ ನಿಜ ಹೇಳ್ರೆ ನಂಗೆ ಎಂತ ಸಿಕ್ತ್ ಒಡೆಯ?"

"ನಿಮ್ಮ ಹತ್ತಿರವೂ ಬಿಪಿಎಲ್ ಕಾರ್ಡ್ ಇದೆಯಲ್ಲ?" ಅವರು ಇದನ್ನೇ ಕಾದಿಟ್ಟುಕೊಂಡಿದ್ದರು.

"ಮೊನ್ನೆವರಿಗೆ ಇದ್ದಿತ್. ಈಗ ಇಲ್ಲೆ."

ಸೆರಗಿನ ಗಂಟಿನಿಂದ ಸ್ವೀಕೃತಿ ಚೀಟಿ ತೆಗೆದು ಕೊಟ್ಟೆ. ಕಾರ್ಡನ್ನು ಮಂಗಳವಾರವೇ ಆಫೀಸಿಗೆ ಹೋಗಿ ಹಿಂದಕ್ಕೆ ಕೊಟ್ಟು ಬಂದಿದ್ದೆ. ಅಲ್ಲಿದ್ದ ಹುಡುಗಿ, "ಅಜ್ಜಿ, ಯಾರೂ ಕೇಳದೆ ಎಂತಕೆ ಕೊಡ್ತ್ರಿ?" ಎಂದಳು. "ಕೇಂತ್ರ್ ಮಗಾ, ನಾಡಿದ್ ಕೇಂತ್ರ್" ಎಂದೆ.

ನ್ಯಾಯಾಧೀಶರು ಚೀಟಿಯನ್ನು ತೆಗೆದುಕೊಂಡು ತಾರೀಕು ನೋಡಿದರು. ವಕೀಲರು "ಬೇರೆ ಪ್ರಶ್ನೆ ಇಲ್ಲ" ಎಂದು ಕೂತರು.

ಹೊರಗೆ ಬಂದ ಮೇಲೆ ಕಮಲ ಅತ್ತಳು. ಕೇಸಿಗಲ್ಲ, ಕಾರ್ಡಿನ ಜೊತೆ ಹೋದ ನನ್ನ ಕಣ್ಣಿನ ಆಪರೇಷನ್ನಿಗೆ. ಅವಳಿಗೆ ಬೈದು, ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ತಿನ್ನಿಸಿದೆ. ಎಡಗೈಯಲ್ಲಿ ತಿನ್ನಲು ನಾಚುತ್ತಾಳೆ. ದೇವು ಮುರಿದು ಬಾಯಿಗೆ ಕೊಡುತ್ತಾನೆ. ಅದನ್ನೂ ಆ ವಕೀಲರು ನೋಡಬೇಕಿತ್ತು.

ನಿನ್ನ,
ವನಜಕ್ಕ


ಗಂಗೊಳ್ಳಿ
24 ಏಪ್ರಿಲ್ 2025

ವನಜಕ್ಕ,

ತೀರ್ಪು ಬಂತು. ಬರೆಯಲು ಮೂರು ದಿನ ಬೇಕಾಯಿತು, ಕ್ಷಮಿಸಿ.

ಮೊದಲು ಒಳ್ಳೆಯದು. ನಿಮ್ಮ ಮಾತನ್ನು ನಂಬಿದ್ದಾರೆ. ಹದಿನಾರರ ಪಟ್ಟಿಯನ್ನು ಬಿಟ್ಟು ಅಮ್ಮನ ಆದಾಯ ತಿಂಗಳಿಗೆ ಇಪ್ಪತ್ತೆರಡು ಸಾವಿರ ಎಂದು ಒಪ್ಪಿದ್ದಾರೆ. ಇದನ್ನು ಕೇಳಿದಾಗ ಅಪ್ಪ ಅಲ್ಲೇ ಕೈಮುಗಿದರು.

ಇನ್ನು ಉಳಿದದ್ದು. ಡಾಕ್ಟರು ಅಮ್ಮನ ಬಲಗೈಗೆ ಶೇಕಡಾ ಮೂವತ್ತಾರು ಊನ ಎಂದು ಬರೆದುಕೊಟ್ಟಿದ್ದರು. ಕೈಗೆ ಮೂವತ್ತಾರು ಆದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಎಂದರೆ ಹನ್ನೆರಡು. ಹಾಗೆ ಮಾಡುವುದು ರೂಢಿಯಂತೆ. ಆದಾಯ, ವಯಸ್ಸಿಗೆ ತಕ್ಕ ವರ್ಷಗಳು, ಎಲ್ಲವನ್ನೂ ಗುಣಿಸಿದರೆ ಮೂವತ್ತನಾಲ್ಕು ಲಕ್ಷ ಚಿಲ್ಲರೆ. ಅದರಲ್ಲಿ ನೂರಕ್ಕೆ ಹನ್ನೆರಡು, ನಾಲ್ಕು ಲಕ್ಷ ಹನ್ನೊಂದು ಸಾವಿರ. ಆಸ್ಪತ್ರೆಯ ಖರ್ಚು, ನೋವಿಗೆ ಐವತ್ತು ಸಾವಿರ, ಎಲ್ಲ ಸೇರಿ ಆರು ಲಕ್ಷದ ಎಂಬತ್ತು ಸಾವಿರ. "ಅರ್ಜಿದಾರಳು ತನ್ನ ವ್ಯಾಪಾರವನ್ನು ಸ್ವಲ್ಪ ತೊಂದರೆಯೊಂದಿಗೆ ಮುಂದುವರಿಸಬಹುದು" ಎಂದು ಒಂದು ಸಾಲಿದೆ. ಸ್ವಲ್ಪ ತೊಂದರೆ!

ಸುಧೀರ್ ಅವರು ಇದನ್ನು ಬಿಡಿಸಿ ಹೇಳಿದಾಗ ಅಮ್ಮನಿಗೆ ಅರ್ಥವಾಗಲಿಲ್ಲ. ಮತ್ತೆ ಮತ್ತೆ ಕೇಳಿದಳು.

"ಹಾಂಗಾರೆ ನೂರಂಗೆ ಎಂಬತ್ತೆಂಟ್ ಪಾಲ್ ಮೀನ್ ನಾನ್ ಈಗ್ಲೂ ಕೊಯ್ತೆ ಅಂದೇಳಿ ಆಯ್ತಲೆ?"

"ಅವರ ಲೆಕ್ಕದಲ್ಲಿ ಹೌದಮ್ಮ."

"ಎಷ್ಟ್ ಕೊಯ್ತೆ? ಒಂದಾರೂ ಕೊಯ್ತೆನಾ? ಅವ್ರ್ ಒಂದ್ಸಲ ಬಂದ್ ಕಾಣ್ಲಿ ಕಾಂಬ."

ಗುಮಾಸ್ತನಿಗೆ ಈ ಕೈ ಹೋದರೂ ಹನ್ನೆರಡು, ಮೀನು ಕೊಯ್ಯುವವಳಿಗೂ ಹನ್ನೆರಡು. ಕೈಯಿಂದ ಯಾವ ಕೆಲಸ ಮಾಡುತ್ತಿದ್ದಳು ಎಂದು ನೋಡಿ ಲೆಕ್ಕ ಹಾಕಬೇಕು ಎಂದು ದೆಹಲಿಯ ಸುಪ್ರೀಂ ಕೋರ್ಟು ಎಷ್ಟೋ ವರ್ಷದ ಹಿಂದೆಯೇ ಹೇಳಿದೆಯಂತೆ. ಹಾಗಾದರೆ ಯಾಕೆ ಹೀಗಾಯಿತು ಎಂದು ಕೇಳಿದೆ. ಸುಧೀರ್ ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ, "ಮೂರರಿಂದ ಭಾಗಿಸುವುದು ಸುಲಭ, ಸೌಜನ್ಯ. ಮನುಷ್ಯರನ್ನು ನೋಡಲು ಹೊತ್ತು ಬೇಕು" ಎಂದರು.

ಲ್ಯಾಬಿನಲ್ಲಿ ಇವತ್ತು ಒಬ್ಬರ ರಕ್ತ ತೆಗೆಯುವಾಗಲೂ ಇದೇ ಲೆಕ್ಕ ಹಾಕುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಬೇಕು ಎಂದೇ ತಿಳಿಯುವುದಿಲ್ಲ. ಡ್ರೈವರ್ ತಪ್ಪು ಒಪ್ಪಿದ. ಡಾಕ್ಟರು ಅಳೆದು ಬರೆದರು. ನ್ಯಾಯಾಧೀಶರು ಗೌರವದಿಂದಲೇ ಮಾತಾಡಿದರು. ಒಬ್ಬರೂ ಕೆಟ್ಟವರಲ್ಲ. ಎಲ್ಲರೂ ಸೇರಿ ಅಮ್ಮನ ಕೈಯನ್ನು ಹನ್ನೆರಡು ಮಾಡಿದರು.

ನಿಮ್ಮ,
ಸೌಜನ್ಯ


ಬ್ರಹ್ಮಾವರ
3 ಮೇ 2025

ಸೌಜನ್ಯ,

ಯಾರೂ ಕೆಟ್ಟವರಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆ ನೋಡಿದರೆ ಇಪ್ಪತ್ತನಾಲ್ಕು ಬರೆ ಎಂದ ಕಿಟಕಿಯವನೂ ಕೆಟ್ಟವನಾಗಿರಲಿಲ್ಲ. ಕೈ ಹೋದವಳು ಎದುರಿಗೆ ನಿಂತಿರುವಾಗ ಕಾಗದವನ್ನು ನೋಡುವುದು ಕೆಟ್ಟತನವೇ. ನಾನೂ ಅದನ್ನು ಮಾಡಿದವಳು, ಮೂವತ್ತೆಂಟು ಸಲ. ಅದಕ್ಕೇ ಹೇಳುತ್ತಿದ್ದೇನೆ.

ಮೇಲಿನ ಕೋರ್ಟಿಗೆ ಹೋಗಲು ಎಷ್ಟು ದಿನ ಇದೆ ಎಂದು ಸುಧೀರರ ಹತ್ತಿರ ಕೇಳು. ಅವಧಿ ಮೀರಲು ಬಿಡಬೇಡ.

ವನಜಕ್ಕ


ಗಂಗೊಳ್ಳಿ
30 ಜೂನ್ 2025

ವನಜಕ್ಕ,

ನಿಮಗೆ ಬೇಸರ ಆಗುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರಾಜಿಗೆ ಒಪ್ಪಿಕೊಳ್ಳೋಣ ಎಂದು ಹೇಳಿದವಳು ನಾನು.

ಕಂಪನಿಯ ವಕೀಲರು ಸುಧೀರರ ಆಫೀಸಿಗೇ ಬಂದಿದ್ದರು. ನೀವು ಅಪೀಲು ಹಾಕಬೇಡಿ, ನಾವೂ ಹಾಕುವುದಿಲ್ಲ, ಇನ್ನೊಂದು ತೊಂಬತ್ತು ಸಾವಿರ ಸೇರಿಸಿ ಒಂದೇ ತಿಂಗಳಲ್ಲಿ ದುಡ್ಡು ಕೊಡುತ್ತೇವೆ ಎಂದರು. ಹೈಕೋರ್ಟಿಗೆ ಹೋದರೆ ನಾಲ್ಕು ವರ್ಷವೋ ಐದೋ. ಅಪ್ಪನಿಗೆ ಇನ್ನು ಬೋಟಿನಲ್ಲಿ ಬಲೆ ಎಳೆಯಲು ಆಗುವುದಿಲ್ಲ. ನನ್ನ ಸಂಬಳ ಹನ್ನೊಂದು ಸಾವಿರ. ನನಗೆ ಸಾಕಾಗಿತ್ತು, ವನಜಕ್ಕ.

ಅಮ್ಮ ಎಲ್ಲ ಕೇಳಿಸಿಕೊಂಡಳು. ಕಂಪನಿಯ ವಕೀಲರು ಬಹಳ ಮರ್ಯಾದೆಯಿಂದ, "ಎಷ್ಟಾದರೆ ಒಪ್ಪುತ್ತೀರಿ, ನೀವೇ ಒಂದು ಮಾತು ಹೇಳಿ ಅಮ್ಮ" ಎಂದರು.

"ದುಡ್ಡ್ ಆಮೇಲ್ ಹೇಳ್ತೆ. ಮೊದ್ಲ್ ಆ ಕಾಗ್ದದಂಗೆ ಹನ್ನೆರ್ಡ್ ಅಂದೇಳಿ ಇತ್ತಲೆ, ಅದನ್ನ ಹೊಡ್ದ್ ಹಾಕಿ."

"ಅದು ತೀರ್ಪು. ಅದನ್ನು ನಾವು ಬದಲಿಸುವ ಹಾಗಿಲ್ಲ. ದುಡ್ಡು ಬೇಕಾದರೆ ಇನ್ನು ಸ್ವಲ್ಪ..."

"ಹಾಂಗಾರೆ ಬ್ಯಾಡ."

"ಅಮ್ಮಾ," ಎಂದೆ ನಾನು. ಅಮ್ಮ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ನಾಳೆ ಇನ್ನೊಬ್ಳಿಗೆ ಲಾರಿ ಹೊಡಿತ್ ಮಗಾ. ಆಗ ಇವ್ರೇ ಬಂದ್ ಹೇಳ್ತ್ರ್, ಗಂಗೊಳ್ಳಿ ಕಮಲ ಹನ್ನೆರ್ಡಕ್ಕೆ ಒಪ್ಪಿದ್ಳ್, ನೀವೂ ಒಪ್ಪಿ ಅಂದೇಳಿ. ನಾ ಒಪ್ಪುದಿಲ್ಲೆ."

ಅಪೀಲಿಗೆ ಸಹಿ ಹಾಕಿ ಬಂದೆವು. ದಾರಿಯಲ್ಲಿ ನಾನು ಅತ್ತೆ, ನಾಚಿಕೆಗೋ ಹೆದರಿಕೆಗೋ ಗೊತ್ತಿಲ್ಲ. ಈಗ ಕಂಪನಿ ಕೋರ್ಟಿನಲ್ಲಿ ಠೇವಣಿ ಇಟ್ಟ ದುಡ್ಡಿನಲ್ಲಿ ಒಂದು ಪಾಲು ನಮ್ಮ ಕೈಗೆ ಬಂದಿದೆ. ಅಮ್ಮ ಅದರಿಂದ ಮೊದಲು ನಿಮ್ಮ ಕಣ್ಣಿನ ಆಪರೇಷನ್ ಆಗಬೇಕು ಎಂದು ಹಟ ಹಿಡಿದಿದ್ದಾಳೆ. ಬೇಡ ಎಂದು ಬರೆದರೆ ಮುಂದಿನ ಬಸ್ಸಿಗೆ ಬ್ರಹ್ಮಾವರಕ್ಕೇ ಬರುತ್ತಾಳಂತೆ. ಅವಳ ಬಾಯಿ ನಿಮಗೆ ಗೊತ್ತಲ್ಲ, ಈ ಸಲ ಮಾತ್ರ ಅಲ್ಲಿಗೆ ಬಂದು ಜಗಳ ಮಾಡಿದರೆ ನಾನು ತಡೆಯುವುದಿಲ್ಲ.

ನಿಮ್ಮ,
ಸೌಜನ್ಯ


ಬ್ರಹ್ಮಾವರ
21 ಸೆಪ್ಟೆಂಬರ್ 2025

ಪ್ರೀತಿಯ ಸೌಜನ್ಯ,

ಕಣ್ಣಿನ ಪಟ್ಟಿ ಬಿಚ್ಚಿ ಹತ್ತು ದಿನ ಆಯಿತು. ಕಮಲ ಆಸ್ಪತ್ರೆಯಲ್ಲಿ ಎರಡು ದಿನ ನನ್ನ ಜೊತೆಗಿದ್ದು, ನರ್ಸುಗಳಿಗೆಲ್ಲ ಮೀನಿನ ಕ್ರಯ ಹೇಳಿಕೊಟ್ಟು ಹೋದಳು. ನೀನು ಕೊಟ್ಟು ಕಳಿಸಿದ ತೀರ್ಪಿನ ಪ್ರತಿಯನ್ನು ಅಳಿಯ ಓದಿ ಕನ್ನಡದಲ್ಲಿ ಹೇಳಿದ. ನನ್ನ ಬಗ್ಗೆ ಬರೆದ ಕಡೆ ನಿಲ್ಲಿಸಿ ಎರಡು ಸಲ ಓದಿಸಿದೆ. ಈ ಸಾಕ್ಷಿಯನ್ನು ನಂಬದಿರಲು ಕಾರಣ ಕಾಣುವುದಿಲ್ಲ ಎಂದಿದೆಯಂತೆ. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅದರ ಮುಂದಿನ ಪುಟದಲ್ಲೇ ಮೂರರಿಂದ ಭಾಗಿಸಿದ್ದಾರೆ. ನಂಬಿದ ಮೇಲೂ! ಸಂತೋಷ ಅಲ್ಲಿಗೆ ಇಳಿಯಿತು.

ನೀನು ರಾಜಿ ಎಂದದ್ದಕ್ಕೆ ನನಗೆ ಬೇಸರವಿಲ್ಲ. ಮನೆ ನಡೆಸುವವಳು ನೀನು. ನಾನು ಇಲ್ಲಿ ಕೂತು ಹೋರಾಡು ಎಂದು ಬರೆಯುವುದು ಸುಲಭ. ಅದಕ್ಕೆ ಸೋಮವಾರದ ಸಂತೆ ಬಿಟ್ಟು ವಾರದ ಉಳಿದ ದಿನ ಗಂಗೊಳ್ಳಿಗೆ ಬರುತ್ತೇನೆ. ಕಮಲ ಹರಾಜಿನಲ್ಲಿ ಕೂಗಲಿ, ಗಿರಾಕಿಯನ್ನು ಕರೆಯಲಿ. ನಾನು ಕೊಯ್ಯುತ್ತೇನೆ. ಅರ್ಧ ಅರ್ಧ. ಅವಳು ಒಪ್ಪಿದ್ದಾಳೆ, ನಾನು ಕೊಯ್ಯುವುದು ನಿಧಾನ ಎಂದು ಈಗಲೇ ಹೇಳಿಯೂ ಆಗಿದೆ.

ಮೊನ್ನೆ ಸುಧೀರರಿಗೆ ಫೋನ್ ಮಾಡಿಸಿದೆ, ಬೆಂಗಳೂರಿನ ಹೈಕೋರ್ಟಿನಲ್ಲಿ ಸಾಕ್ಷಿ ಹೇಳಲು ಯಾವಾಗ ಬರಬೇಕು ಎಂದು ಕೇಳಲು. ಅಪೀಲಿನಲ್ಲಿ ಸಾಕ್ಷಿ ಕರೆಯುವುದಿಲ್ಲವಂತೆ. ಯಾರೂ ಬರಬೇಕಾಗಿಲ್ಲ, ಕಾಗದ ನೋಡಿಯೇ ತೀರ್ಮಾನ ಮಾಡುತ್ತಾರೆ ಎಂದರು. ನಾನು ಕೇಳಿದೆ, ಕರೆಯದಿದ್ದರೂ ಒಳಗೆ ಬಂದು ಕೂರಬಹುದಾ? ಯಾರು ಬೇಕಾದರೂ ಕೂರಬಹುದು ಎಂದರು.

ಹಾಗಾದರೆ ತಾರೀಕು ಬಿದ್ದ ದಿನ ನಾವಿಬ್ಬರೂ ಹೋಗುತ್ತೇವೆ. ನಾಲ್ಕು ವರ್ಷ ಆದರೂ ಹೋಗುತ್ತೇವೆ. ಮಾತಾಡಬೇಡಿ ಎಂದರೆ ಮಾತಾಡುವುದಿಲ್ಲ. ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ ಕೂತು ಕಮಲ ತನ್ನ ಬಲಗೈಯನ್ನು ಮುಂದಿನ ಮರದ ಅಡ್ಡಪಟ್ಟಿಯ ಮೇಲೆ ಇಟ್ಟುಕೊಳ್ಳಲಿ. ತಲೆ ಎತ್ತಿದವರಿಗೆಲ್ಲ ಅದು ಕಾಣಲಿ.

ನಿನ್ನ,
ವನಜಕ್ಕ